ಲ್ಯಾಬಿನ ಹೊಸ್ತಿಲು

"ಯಾವಳೇ ಅವ್ಳು, ಮುಂಡೆ, ಮೆಟ್ಟು ಹಾಕ್ಕೊಂಡು ಒಳಕ್ ಬಂದಿರೋಳು?"

ಶ್ರೀದೇವಿ ನೆಲ ಒರೆಸುವ ಕೋಲು ಹಿಡಿದು ನಿಂತಲ್ಲೇ ನಿಂತಳು. ಬಾಗಿಲಲ್ಲಿ ರಾಮಯ್ಯ. ಒಂದು ಕೈಯಲ್ಲಿ ಸೇವಂತಿಗೆ, ಇನ್ನೊಂದರಲ್ಲಿ ಎಣ್ಣೆಯ ಬಾಟಲಿ. ಸ್ಕೂಲು ಅವನದು. ಪ್ರತಿ ಶುಕ್ರವಾರ ಮಕ್ಕಳು ಬರುವ ಮುಂಚೆ ಕೆಮಿಸ್ಟ್ರಿ ಲ್ಯಾಬಿಗೆ ಬಂದು ಗೋಡೆಯ ಗೂಡಿನಲ್ಲಿ ದೀಪ ಹಚ್ಚಿ ಹೋಗುತ್ತಿದ್ದ.

"ಒರಸಾಕ ಬಂದೀನ್ರೀ," ಎಂದಳು ಶ್ರೀದೇವಿ. ಯಾದಗಿರಿ ಕಡೆಯವಳು. ಕೆಲಸಕ್ಕೆ ಸೇರಿ ವಾರವೂ ಆಗಿರಲಿಲ್ಲ.

"ಒರಸಾಕಂತೆ. ನಮ್ಮಪ್ಪನ ಕಾಲದ ದೇವರ ಮನೆ ಕಣೇ ಇದು." ರಾಮಯ್ಯ ಕಿಟಕಿಯ ಕಡೆ ತಿರುಗಿದ. ಅಲ್ಲಿ ವಿಮಲಾ ಗಾಜು ಒರೆಸುತ್ತಿದ್ದಳು. "ಏ ವಿಮಲಾ, ಹೇಳಿಲ್ವೇನೇ ಇವ್ಳಿಗೆ? ನಿಮ್ಮತ್ತೆ ನಮ್ ಬೀದಿ ದಾಟೋವಾಗ ಮೆಟ್ಟು ಕೈಲಿಡ್ಕೊಂಡು ಹೋಗ್ತಿದ್ಲು. ಈಗ ಒಳಕ್ಕೇ ಬಿಟ್ಕೊಂಡಿದೀನಿ. ಅದೂ ಸಾಲ್ದಾ ನಿಮ್ ಜಾತಿಗೆ?"

ವಿಮಲಾ ಬಂದು ಶ್ರೀದೇವಿಯ ಕಾಲ ಬಳಿ ಬಗ್ಗಿದಳು. ಚಪ್ಪಲಿ ಎತ್ತಿ ಹೊಸ್ತಿಲಾಚೆ ತನ್ನ ಚಪ್ಪಲಿಯ ಪಕ್ಕ ಇಟ್ಟಳು.

"ತಪ್ಪಾಯ್ತು ಯಜಮಾನ್ರೆ. ಹೊಸಬ್ಳು."

"ಹೊಸಬ್ಳಾದ್ರೆ ಹೊಸ ಕಾಲಾ?"

ಸುಬ್ರಹ್ಮಣ್ಯಪುರ ಹಳ್ಳಿಯಾಗಿದ್ದಾಗ ಆ ಜಾಗದಲ್ಲಿ ರಾಮಯ್ಯನ ಮನೆಯಿತ್ತು. ಸುತ್ತ ಅವನ ರಾಗಿ ಹೊಲ. ಹೊಲದಾಚೆ ವಿಮಲಾಳ ಅತ್ತೆಯವರ ಕೇರಿ. ಹೊಲ ಸೈಟಾಯಿತು, ಮನೆ ಸ್ಕೂಲಾಯಿತು, ಕೇರಿ ಕೇರಿಯಾಗಿಯೇ ಉಳಿಯಿತು. ಮನೆ ಕೆಡವಿದಾಗ ದೇವರ ಕೋಣೆಯ ಗೋಡೆಯೊಂದನ್ನು ರಾಮಯ್ಯ ಕೆಡವಗೊಡಲಿಲ್ಲ. ಆ ಗೋಡೆಗೆ ಅಂಟಿಕೊಂಡೇ ಲ್ಯಾಬು ಎದ್ದಿತು. ಗೂಡಿನ ಕೆಳಗೆ ಸ್ಪಿರಿಟ್ಟಿನ ಬೀರು. ಬೀರುವಿನ ಪಕ್ಕ ಸಿಂಕು. ಸಿಂಕಿನ ಮೇಲೆ ಮಕ್ಕಳು ಪಾಲಿಸಬೇಕಾದ ನಿಯಮಗಳ ಬೋರ್ಡು. ಕಾಲು ಮುಚ್ಚುವ ಬೂಟು, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು.

ಬೂಟು ಹಾಕಿದ ಮಕ್ಕಳಿಂದ, ಹೈಹೀಲ್ಡು ಹಾಕಿದ ಟೀಚರಿಂದ ದೇವರಿಗೆ ಏನೂ ಆಗುತ್ತಿರಲಿಲ್ಲ. ಆಯಾಗಳು ಮಾತ್ರ ಹೊಸ್ತಿಲಲ್ಲಿ ಚಪ್ಪಲಿ ಬಿಡಬೇಕಿತ್ತು. ಸಿಂಕನ್ನೂ ಮುಟ್ಟುವಂತಿರಲಿಲ್ಲ. ನೆಲ ಒರೆಸುವ ನೀರನ್ನು ಜನರೇಟರ್ ಹಿಂದಿನ ನಲ್ಲಿಯಿಂದ ತರಬೇಕು, ಕೊಳೆನೀರನ್ನು ಅಲ್ಲಿಗೇ ಒಯ್ದು ಸುರಿಯಬೇಕು.

ಅಂದು ಮಧ್ಯಾಹ್ನ ಒಂಬತ್ತನೇ ತರಗತಿಯ ಪ್ರಾಕ್ಟಿಕಲ್ಸ್ ಮುಗಿದಾಗ ಲ್ಯಾಬಿಡೀ ಕೊಳೆತ ಮೊಟ್ಟೆಯ ವಾಸನೆ. ಕಬ್ಬಿಣದ ಪುಡಿ ಮತ್ತು ಗಂಧಕ ಕಾಯಿಸಿ, ಅದರ ಮೇಲೆ ಆ್ಯಸಿಡ್ ಬಿಟ್ಟಿದ್ದರು. ಶಾಲಿನಿ ಮೇಡಂ ಮೂಗಿಗೆ ಕರ್ಚೀಫು ಹಿಡಿದು, "ಬೇಗ ಕ್ಲೀನ್ ಮಾಡ್ರಮ್ಮ, ನೆಕ್ಸ್ಟ್ ಬ್ಯಾಚ್ ಇದೆ" ಎಂದು ಪಕ್ಕದ ಕೋಣೆಗೆ ಹೋದರು. ನೀರು ಬೆರೆಸದ ಆ್ಯಸಿಡ್ಡಿನ ದೊಡ್ಡ ಬಾಟಲಿ ಕೊನೆಯ ಬೆಂಚಿನ ಕೆಳಗೆ ಓರೆಯಾಗಿ ನಿಂತಿತ್ತು. ಮುಚ್ಚಳ ಸರಿಯಾಗಿ ಕೂತಿರಲಿಲ್ಲ, ಅಡಿಯಲ್ಲಿ ನೆಲ ಒದ್ದೆಯಾಗಿತ್ತು.

ವಿಮಲಾ ಕಿಟಕಿ ತೆರೆಯುತ್ತಿದ್ದಳು. ಹಿಂದಿನಿಂದ ಶ್ರೀದೇವಿಯ ದನಿ ಕೇಳಿತು.

"ಅಕ್ಕಾ, ಈ ನೀರು ಯಾಕ ಬಿಸಿ ಐತಿ?"

ಆಮೇಲೆ ಕೇಳಿದ್ದು ಮಾತಲ್ಲ.

ವಿಮಲಾ ತಿರುಗುವಷ್ಟರಲ್ಲಿ ಶ್ರೀದೇವಿ ಒಂದು ಕಾಲೆತ್ತಿ ಬೆಂಚು ಹಿಡಿದು ನಿಂತಿದ್ದಳು. ಸಿಂಕು ಕೈಚಾಚಿದರೆ ಸಿಗುವಷ್ಟು ಹತ್ತಿರವಿತ್ತು. ಅವಳು ಅದರ ಕಡೆ ನೋಡಲೂ ಇಲ್ಲ. ಕುಂಟುತ್ತ ಹೊಸ್ತಿಲು ದಾಟಿ, ವರಾಂಡ ದಾಟಿ, ಜನರೇಟರ್ ಹಿಂದಿನ ನಲ್ಲಿಗೆ ಓಡಿದಳು. ವಿಮಲಾಳೂ ಅವಳ ತೋಳು ಹಿಡಿದು ಅದೇ ದಾರಿಯಲ್ಲಿ ಓಡಿದಳು. ಬೇರೆ ದಾರಿ ಇದೆಯೆಂದು ಇಬ್ಬರಿಗೂ ತೋಚಲಿಲ್ಲ.

ನಲ್ಲಿ ತಿರುಗಿಸಿದರೆ ಬುಸ್ಸೆಂದು ಗಾಳಿ ಬಂತು. ಆ ದಿನ ಟ್ಯಾಂಕರ್ ಬಂದಿರಲಿಲ್ಲ. ಲ್ಯಾಬಿಗೆ ಬೇರೆಯೇ ಟ್ಯಾಂಕು. ಅದು ಎಂದೂ ಬರಿದಾಗುತ್ತಿರಲಿಲ್ಲ.

ವಿಮಲಾ ಗೇಟಿನವರೆಗೆ ಓಡಿ ಸೆಕ್ಯುರಿಟಿಯ ಕುಡಿಯುವ ನೀರಿನ ಕ್ಯಾನು ಹೊತ್ತು ತರುವಷ್ಟರಲ್ಲಿ ಶ್ರೀದೇವಿ ಕೂಗುವುದನ್ನು ನಿಲ್ಲಿಸಿದ್ದಳು. ನೆಲದ ಮೇಲೆ ಕೂತು ಪಾದವನ್ನು ತನ್ನದಲ್ಲವೆಂಬಂತೆ ನೋಡುತ್ತಿದ್ದಳು. ಅದರ ಬಣ್ಣ ಬದಲಾಗುತ್ತಿತ್ತು.

ಜಯನಗರದ ಆಸ್ಪತ್ರೆಯಲ್ಲಿ ಕಾಲ್ಬೆರಳುಗಳನ್ನು ತೆಗೆದರು. ಹಿಮ್ಮಡಿ ಉಳಿಯುವುದು ಅನುಮಾನವೆಂದರು. ವಿಮಲಾ ಬ್ರೆಡ್ಡು, ಎಳನೀರು ತೆಗೆದುಕೊಂಡು ಹೋದಾಗ ಶ್ರೀದೇವಿ ಗೋಡೆಗೊರಗಿ ಕೂತಿದ್ದಳು.

"ಅಕ್ಕಾ, ಒಂದ ಕಾಲಿನ ಚಪ್ಪಲಿ ಯಾರರ ಮಾರ್ತಾರೇನ?"

"ಸುಮ್ನಿರೇ."

"ಇಲ್ಲಕ್ಕಾ, ಖರೇನ ಕೇಳಾಕತ್ತೀನಿ. ಬಾಕಿ ಒಂದು ಆ ಮುದುಕಗ ಕೊಡೂನು. ಗೂಡಿನ್ಯಾಗ ಇಟ್ಟು ದೀಪ ಹಚ್ಚಲಿ."

ನಕ್ಕಳು. ನಗುತ್ತಿದ್ದಂತೆ ಮುಖ ಗೋಡೆಗೆ ತಿರುಗಿಸಿಕೊಂಡಳು. ಅವಳ ಗಂಡ ಹನಮಂತ ಮಂಚದ ಕೊನೆಯಲ್ಲಿ ನಿಂತಿದ್ದ. ಗಾರೆ ಕೆಲಸದ ಸಿಮೆಂಟು ಅವನ ಕೈಮೇಲೆ ಇನ್ನೂ ಇತ್ತು. ಶಿಕ್ಷಣ ಇಲಾಖೆಗೆ ದೂರು ಕೊಟ್ಟಿದ್ದ. ಯಾರೋ ವಿಚಾರಣೆಗೆ ಬರುತ್ತಾರಂತೆ.

"ಅಕ್ಕಾರ, ಅಲ್ಲಿ ಇದ್ದಾಕಿ ನೀವೊಬ್ಬಾಕಿನ. ಕಂಡದ್ದಷ್ಟು ಹೇಳ್ರಿ. ಜಾಸ್ತಿ ಬ್ಯಾಡ."

ವಿಮಲಾ ಎಳನೀರಿಗೆ ಸ್ಟ್ರಾ ಹಾಕಿದಳು. ಶ್ರೀದೇವಿಯ ಕೈಗೆ ಕೊಟ್ಟಳು.

ರಾಮಯ್ಯನ ಮಗ ದೀಪಕ್ ಸ್ಕೂಲಿನ ಸೆಕ್ರೆಟರಿ. ಅಪ್ಪನಂತೆ ಕೂಗುವವನಲ್ಲ. ಮರುದಿನ ವಿಮಲಾಳನ್ನು ಆಫೀಸಿಗೆ ಕರೆಸಿ ಏಸಿ ಹೆಚ್ಚಿಸಿದ. ಎದುರಿಗೆ ಎರಡು ಕುರ್ಚಿ. ಒಂದರಲ್ಲಿ ಶಾಲಿನಿ ಮೇಡಂ ಮೊಬೈಲ್ ನೋಡುತ್ತ ಕೂತಿದ್ದರು. ಇನ್ನೊಂದು ಖಾಲಿ ಇತ್ತು. ವಿಮಲಾ ನಿಂತಿದ್ದಳು.

"ನೋಡು ವಿಮಲಾ, ಸಿಂಪಲ್. ಅವ್ಳು ಬಾಟ್ಲಿಗೆ ಆ್ಯಸಿಡ್ ತುಂಬ್ಕೊತಾ ಇದ್ಲು. ಕದ್ದು. ಮನೆ ಟಾಯ್ಲೆಟ್ ತೊಳೆಯಕ್ಕೆ. ಕೈ ಜಾರ್ತು. ನೀನು ನೋಡ್ದೆ. ಅಷ್ಟೇ."

"ಅವ್ಳ ಶೆಡ್ಡಲ್ಲಿ ಟಾಯ್ಲೆಟ್ಟೇ ಇಲ್ವಲ್ಲ ಸಾರ್."

ಶಾಲಿನಿಯವರ ಬೆರಳು ಮೊಬೈಲ್ ಮೇಲೆ ನಿಂತಿತು. ದೀಪಕ್ ನಕ್ಕ.

"ಮಾರಕ್ಕೆ ಅನ್ನು. ನಿಂಗೆ ಹೇಳಿಕೊಡ್ಬೇಕಾ? ಇನ್ನೊಂದು, ಆಯಾಗಳಿಗೆ ಬೂಟು, ಗ್ಲೌಸು ಎಲ್ಲ ಕೊಟ್ಟಿದೀವಿ. ಅವ್ಳು ಹಾಕ್ಕೊಂಡಿರ್ಲಿಲ್ಲ."

"ಬೂಟು?"

"ಬರ್ತವೆ ನಾಳೆ." ಅವನು ಪೆನ್ನಿನ ಮುಚ್ಚಳ ಹಾಕಿದ. "ಶಿಲ್ಪಶ್ರೀ ನೈನ್ತ್ ಅಲ್ವಾ? ಬೋರ್ಡ್ ಎಕ್ಸಾಮ್‌ಗೆ ನೈನ್ತಲ್ಲೇ, ಈ ತಿಂಗಳೇ, ರಿಜಿಸ್ಟರ್ ಮಾಡ್ಬೇಕು. ಆಯಾ ಮಗಳು ಅಂತ ಫ್ರೀಯಾಗಿ ಸೇರಿಸ್ಕೊಂಡಿದೀವಿ. ಈಗ ಟೀಸಿ ಕೈಗೆ ಕೊಟ್ರೆ ಯಾವ ಸ್ಕೂಲು ತಗೊಳುತ್ತೆ, ನೀನೇ ಹೇಳು."

ಶಾಲಿನಿ ಮೊದಲ ಸಲ ಬಾಯಿಬಿಟ್ಟರು. "ತುಂಬ ಬ್ರೈಟ್ ಹುಡುಗಿ ವಿಮಲಾ ಅವ್ಳು. ಹಾಳ್ಮಾಡ್ಬೇಡ."

ಶಿಲ್ಪಶ್ರೀ ವಿಮಲಾಳ ಒಬ್ಬಳೇ ಮಗಳು. ಸ್ಕೂಲಿನೊಳಗೆ ಅವಳು ವಿಮಲಾಳನ್ನು ಆಂಟಿ ಎನ್ನಬೇಕಿತ್ತು. ಅಡ್ಮಿಷನ್ನಿಗೆ ಬರುವ ಪೇರೆಂಟ್ಸಿಗೆ ಇಂಥದ್ದೆಲ್ಲ ಕಿವಿಗೆ ಬೀಳಬಾರದೆಂದು ದೀಪಕ್ ಮಾಡಿದ ಕಟ್ಟಳೆ. ಮೊದಮೊದಲು ಮಗಳು ಅಳುತ್ತಿದ್ದಳು. ಈಚೆಗೆ ಮನೆಗೆ ಬಂದ ಮೇಲೂ ಒಮ್ಮೊಮ್ಮೆ ಆಂಟಿ ಎಂದು ಕರೆದು ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು.

ಸಂಜೆ ವಿಮಲಾ ಮುದ್ದೆಗೆ ಎಸರಿಟ್ಟಾಗ ಮಗಳು ಗೋಡೆಗೊರಗಿ ಓದುತ್ತಿದ್ದಳು.

"ಕಬ್ಬಿಣ, ಗಂಧಕ ಬರೀ ಕಲಸಿಟ್ರೆ ಮ್ಯಾಗ್ನೆಟ್ ಹಿಡಿದು ಬೇರೆ ಮಾಡ್ಬೋದಮ್ಮ. ಅದು ಮಿಶ್ರಣ. ಕಾಯಿಸಿಬಿಟ್ರೆ ಆಗಲ್ಲ. ಆಮೇಲೆ ಅದು ಬೇರೆ ಏನೋ ಆಗೋಗುತ್ತೆ."

"ಏನಾಗುತ್ತೆ?"

"ಕರ್ರಗಾಗುತ್ತೆ." ಪುಟ ತಿರುವಿದಳು. ತಲೆ ಎತ್ತದೆ ಹೇಳಿದಳು, "ಶ್ರೀದೇವಿ ಆಂಟಿ ಕದ್ರಂತೆ. ಕ್ಲಾಸಲ್ಲೆಲ್ಲ ಅದೇ ಮಾತು."

"ನೀನೇನಂದೆ?"

"ಸುಮ್ನಿದ್ದೆ."

ಎಸರು ಕುದಿಯತೊಡಗಿತು. ವಿಮಲಾ ಹಿಟ್ಟು ಸುರಿದು ಕೋಲು ಹಾಕಿ ನಿಂತಳು.

"ಅವ್ರು ಹೇಳಿದ್ದನ್ನೇ ಹೇಳ್ಬಿಡಮ್ಮ," ಎಂದಳು ಶಿಲ್ಪಶ್ರೀ. "ಟೆನ್ತ್ ಮುಗಿಯೋವರ್ಗು. ನಿಂಗೇನ್ ಹೋಗುತ್ತೆ?"

ವಿಮಲಾ ಮುದ್ದೆ ತೊಳಸಿದಳು. ತೋಳು ಸೋತರೂ ತೊಳಸುತ್ತಲೇ ಇದ್ದಳು.

ವಿಚಾರಣೆಯ ದಿನ ಹೊಸ್ತಿಲಾಚೆ ಆಯಾಗಳ ಚಪ್ಪಲಿಗಳಿರುತ್ತಿದ್ದ ಜಾಗದಲ್ಲಿ ತುಳಸಿಯ ಕುಂಡ ಬಂದು ಕೂತಿತ್ತು. ದೀಪಕ್ ವಿಮಲಾಳನ್ನು ವರಾಂಡದಲ್ಲೇ ತಡೆದು ಹಳದಿ ಗಮ್‌ಬೂಟು, ಗ್ಲೌಸು, ಕಣ್ಣಿಗೆ ಪ್ಲಾಸ್ಟಿಕ್ ಕನ್ನಡಕ ಹಾಕಿಸಿದ. ಬೂಟಿನ ಅಂಗಡಿ ಚೀಟಿ ಇನ್ನೂ ನೇತಾಡುತ್ತಿತ್ತು. ಅದನ್ನು ಒಳಕ್ಕೆ ಮಡಚಿದ.

"ಕೊಳೆ ಮಾಡ್ಬೇಡ. ಸಂಜೆ ವಾಪಸ್ ಕೊಡ್ಬೇಕು. ಫೋಟೋ ತೆಗ್ದಾದ್ಮೇಲೆ ಬಿಚ್ಚು."

ಒಳಗೆ ಒಂಬತ್ತನೇ ತರಗತಿಯವರನ್ನು ಸಾಲಾಗಿ ನಿಲ್ಲಿಸಿದ್ದರು. ಬಿಳಿ ಕೋಟು ಹಾಕಿದ ಶಿಲ್ಪಶ್ರೀ ಮುಂದೆ ನಿಂತು ಬೋರ್ಡಿನ ನಿಯಮಗಳನ್ನು ಇಂಗ್ಲಿಷಿನಲ್ಲಿ ಪಟಪಟನೆ ಒಪ್ಪಿಸುತ್ತಿದ್ದಳು. ಅಧಿಕಾರಿ ಮಧ್ಯವಯಸ್ಸಿನವನು. ಗೂಡಿನ ದೀಪವನ್ನು ಒಮ್ಮೆ, ಕೆಳಗಿನ ಬೀರುವನ್ನು ಒಮ್ಮೆ ನೋಡಿದ. ಕುರ್ಚಿಯಲ್ಲಿ ರಾಮಯ್ಯ ಕೋಲೂರಿ ಕೂತಿದ್ದ.

"ಕೊನೇದು ಏನಂದೆ ಮಗೂ? ಕನ್ನಡದಲ್ಲಿ ಹೇಳು."

"ಮೈಮೇಲೆ ಆ್ಯಸಿಡ್ ಬಿದ್ರೆ ತಕ್ಷಣ ಹರಿಯೋ ನೀರಲ್ಲಿ ತೊಳೀಬೇಕು ಸಾರ್."

"ಎಲ್ಲಿ ತೊಳೀತೀರಿ?"

"ಇಲ್ಲೇ ಸಾರ್. ಸಿಂಕಲ್ಲಿ."

"ಆಯಾನ ಕರೀರಿ."

ವಿಮಲಾ ಹೊಸ್ತಿಲಿಗೆ ಬಂದಳು. ಅಲ್ಲಿ ಕಾಲು ನಿಂತಿತು. ಕೈ ತಾನಾಗಿ ಬೂಟಿಗೆ ಹೋಯಿತು. ಒಂದು ಬಿಚ್ಚಿ ತುಳಸಿ ಕುಂಡದ ಪಕ್ಕ ಇಟ್ಟಳು. ಇನ್ನೊಂದನ್ನೂ ಬಿಚ್ಚಿ, ಜೋಡಿಸಿ ಇಟ್ಟು, ಬರಿಗಾಲಲ್ಲಿ ಒಳಗೆ ಬಂದಳು. ದೀಪಕ್ ಕಣ್ಣರಳಿಸಿ ಬಾಗಿಲ ಕಡೆ ಕೈ ತೋರಿಸಿದ ಮೇಲೆಯೇ ತಾನು ಏನು ಮಾಡಿದೆನೆಂದು ಅವಳಿಗೆ ಗೊತ್ತಾಯಿತು.

"ಹೋಗಿ ಹಾಕ್ಕೊಂಡ್ ಬಾರೇ," ಎಂದ ಹಲ್ಲು ಕಚ್ಚಿ.

ಇನ್ನೂ ಸಮಯವಿತ್ತು. ಮರೆತೆ ಸಾರ್ ಎಂದು ಹಿಂದಕ್ಕೆ ಹೋಗಬಹುದಿತ್ತು. ವಿಮಲಾ ಸಾಲಿನಲ್ಲಿದ್ದ ಮಗಳ ಬೂಟುಗಳನ್ನು ನೋಡಿದಳು. ಬೆಳಿಗ್ಗೆ ತಾನೇ ಪಾಲಿಷ್ ಹಾಕಿದ ಬೂಟುಗಳು.

"ಬೂಟು ಹೊರಗ್ಯಾಕ್ ಬಿಟ್ಟೆಮ್ಮ?" ಅಧಿಕಾರಿ ಕೇಳಿದ.

ಕನ್ನಡಕ ತೆಗೆದು ಬೆಂಚಿನ ಮೇಲಿಟ್ಟಳು. ಗ್ಲೌಸು ಕಿತ್ತಳು. ಸೀದಾ ಸಿಂಕಿನ ಹತ್ತಿರ ಹೋದಳು. ಸೀರೆಯ ನಿರಿಗೆ ಎತ್ತಿ ಹಿಡಿದು, ಪಕ್ಕದ ಸ್ಟೂಲು ಹತ್ತಿ, ಬಲಗಾಲನ್ನು ಬಿಳಿಯ ಸಿಂಕಿನೊಳಗೆ ಇಟ್ಟಳು. ನಲ್ಲಿ ತಿರುಗಿಸಿದಳು. ನೀರು ರಭಸವಾಗಿ ಪಾದದ ಮೇಲೆ ಬಿತ್ತು.

"ಇಲ್ಲಿ ನೀರಿತ್ತು ಸಾರ್. ನಾವು ಹಿಂದಕ್ ಓಡಿದ್ವಿ. ಹಿಂದೆ ಇರ್ಲಿಲ್ಲ."

ರಾಮಯ್ಯನ ಕೋಲು ನೆಲಕ್ಕೆ ಬಡಿಯಿತು. "ಲೌಡಿ. ದೇವರ ಮುಂದೆ ಕಾಲೆತ್ತೀಯಾ? ಇಳಿಸೇ. ಇಳಿಸೇ ಕಾಲು."

ಶಾಲಿನಿ ಗೋಡೆಯ ಕಡೆ ತಿರುಗಿದರು. ಅಧಿಕಾರಿ ಹನಿ ಸಿಡಿಯದಂತೆ ಒಂದು ಹೆಜ್ಜೆ ಹಿಂದೆ ಸರಿದ. ಅವನ ಪೆನ್ನು ಇನ್ನೂ ಏನನ್ನೂ ಬರೆದಿರಲಿಲ್ಲ. ದೀಪಕ್ ಹೋಗಿ ಲ್ಯಾಬಿನ ಬಾಗಿಲನ್ನು ಒಳಗಿನಿಂದ ಹಾಕಿದ.

"ಆಂಟಿ," ಸಾಲಿನಿಂದ ಸಣ್ಣ ದನಿ ಬಂತು. "ಕಾಲು ಇಳಿಸಿ ಆಂಟಿ. ಪ್ಲೀಸ್."

ವಿಮಲಾ ತಿರುಗಲಿಲ್ಲ. ನಲ್ಲಿಯನ್ನು ಇನ್ನಷ್ಟು ತಿರುಗಿಸಿದಳು. ಪಾದ ತೂತನ್ನು ಮುಚ್ಚಿ ಸಿಂಕು ತುಂಬಿ ಬಂತು, ಅಂಚಿನಿಂದ ನೀರು ಬೀರುವಿನ ಮೇಲೆ, ನೆಲದ ಮೇಲೆ, ಮಕ್ಕಳ ಬೂಟುಗಳ ಕಡೆಗೆ ಹರಿಯಿತು. ಮಕ್ಕಳು ಒತ್ತಾಗಿ ಹಿಂದಕ್ಕೆ ಸರಿದರು. ಒಬ್ಬಳು ಸರಿಯಲಿಲ್ಲ.

"ಅಮ್ಮ," ಎಂದಳು ಶಿಲ್ಪಶ್ರೀ, ಎಲ್ಲರಿಗೂ ಕೇಳುವಂತೆ. "ಇಳಿಸಮ್ಮ."

"ಮ್ಯಾಲಿನ ಟ್ಯಾಂಕಿನ ವಾಲ್ವು ಬಂದ್ ಮಾಡ್ರೋ," ರಾಮಯ್ಯ ಕಿಟಕಿಯಿಂದ ಹೊರಗೆ ಕೂಗಿದ.

ಮೇಲೆಲ್ಲೋ ಯಾರೋ ಓಡಿದ ಸದ್ದು. ಧಾರೆ ಸಣ್ಣದಾಯಿತು. ದಾರದಷ್ಟಾಯಿತು, ಹನಿಯಾಯಿತು. ಆಮೇಲೆ ನಲ್ಲಿ ಬುಸ್ಸೆಂದು ಗಾಳಿ ಉಗುಳಿತು. ಗೂಡಿನಲ್ಲಿ ದೀಪ ಅಲುಗಾಡಿತು.

ವಿಮಲಾ ಕಾಲು ತೆಗೆಯಲಿಲ್ಲ.