ಮೂರನೆಯ ಅಧ್ಯಾಯ

ಹಾಸ್ಟೆಲಿನ ಹಿಂದೆ, ಪಾತ್ರೆ ತೊಳೆಯುವ ತೊಟ್ಟಿಯ ಬಳಿ ಹನ್ನೊಂದು ಹೆಂಗಸರು ಕೆಲಸ ಮಾಡುತ್ತಾರೆ. ಒಂದು ಹೊತ್ತಿಗೆ ಆರುನೂರು ತಟ್ಟೆ. ಸೋಡಾಪುಡಿ ಅವರ ಬೆರಳ ಸಂದಿನ ಚರ್ಮವನ್ನು ತಿಂದುಹಾಕಿದೆ. ಅವರಲ್ಲೊಬ್ಬಳ ಮಗಳು ಅದೇ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ ಸಂಶೋಧನೆಗೆ ಸೇರಿದಳು. ನಾನು ಆ ವಿಭಾಗದ ಅಟೆಂಡರ್.

"ಅದೇನೋ ರೆಟರಿಕ್ ಅಂತಾರಲ್ಲ, ಹಾಗಂದ್ರೆ ಏನಮ್ಮ?" ಎಂದು ಒಮ್ಮೆ ಕೇಳಿದೆ.

"ಮಾತಿನಿಂದ ಎದುರಿನವರ ಮನಸ್ಸು ಒಲಿಸೋ ವಿದ್ಯೆ ಅಣ್ಣ. ದೊಡ್ಡ ಭಾಷಣಕಾರರ ಬಗ್ಗೆ ಎಲ್ರೂ ಬರೀತಾರೆ. ನಾನು ಅಮ್ಮ, ಅವಳ ಜೊತೆಯವರ ಬಗ್ಗೆ ಬರೀತೀನಿ. ಒಂದು ಜೊತೆ ಕೈಗವಸು ಕೇಳೋಕೆ ಅವರು ವಾರ್ಡನ್ ಮುಂದೆ ಹೇಗೆಲ್ಲಾ ಮಾತಾಡ್ತಾರೆ ಗೊತ್ತಾ?"

"ಕೊಟ್ರಾ?"

"ಇಲ್ಲ." ನಕ್ಕಳು. "ಅದೂ ಮೂರನೇ ಅಧ್ಯಾಯದಲ್ಲಿ ಬರುತ್ತೆ."

ಒಂದು ವರ್ಷ ಅವಳು ತೊಟ್ಟಿಯ ಕಟ್ಟೆ ಮೇಲೆ ಕೂತು ಬರೆದುಕೊಂಡಳು. ಹೆಂಗಸರು ಕಾಡಿಸುತ್ತಿದ್ದರು.

"ಏ, ನಾನು ಬೈದಿದ್ದನ್ನೂ ಬರ್ಕೊಂಡ್ಯಾ?"

"ಬರ್ಕೊಂಡೆ ಅತ್ತೆ."

"ಹಾಗಾದ್ರೆ ತಾಳು, ಇನ್ನೊಂದ್ಸಲ ಚೆನ್ನಾಗಿ ಬೈತೀನಿ."

ಅವಳ ಗೈಡು ನಮ್ಮ ವಿಭಾಗದ ಮುಖ್ಯಸ್ಥರಾದ ಪ್ರೊಫೆಸರರು. ಅವರು ತಿದ್ದಬೇಕಿದ್ದ ಉತ್ತರಪತ್ರಿಕೆಗಳನ್ನು ಇವಳು ತಿದ್ದಿದಳು, ಅವರ ಪಾಠ ಇವಳು ಮಾಡಿದಳು. ಮೂರನೆಯ ಅಧ್ಯಾಯ ಮುಗಿದ ದಿನ ಆ ಕಡತವನ್ನು ಅವರ ಮೇಜಿನ ಮೇಲೆ ಇಟ್ಟವನು ನಾನೇ. ಎಂಟು ತಿಂಗಳು ಅದು ಅವರ ಡ್ರಾಯರಿನಲ್ಲಿತ್ತು. ಕೊನೆಗೊಂದು ದಿನ ಕರೆದು, "ಮೂರನೇದು ಕೈಬಿಡು. ತೂಕ ಇಲ್ಲ" ಅಂದರು.

"ಅದೇ ಸಾರ್ ನನ್ನ ಸಂಶೋಧನೆ. ಬಿಡಲ್ಲ."

ಗಡುವು ಮುಗಿಯುವ ಮೊದಲು ಅವಳು ಪ್ರಬಂಧವನ್ನು ಇಡಿಯಾಗಿ ಸಲ್ಲಿಸಿದಳು. ನಕಲು ಹಿಡಿಯುವ ಕಂಪ್ಯೂಟರಿಗೆ ಹಾಕಿದರು. ಮೂರನೆಯ ಅಧ್ಯಾಯದ ಮುಕ್ಕಾಲು ಪಾಲು ಆಗಲೇ ಅಚ್ಚಾಗಿದೆ ಎಂದು ಅದು ಹೇಳಿತು. ದೊಡ್ಡ ಜರ್ನಲ್ಲೊಂದರಲ್ಲಿ. ಬರೆದವರು ಪ್ರೊಫೆಸರರು. ಇವಳ ಹೆಸರಿಗೆ ಕೃತಿಚೌರ್ಯದ ನೋಟಿಸು ಬಂತು.

ವಿಚಾರಣೆಯ ದಿನ ಮೂವರು ಹಿರಿಯರು ಕೂತಿದ್ದರು. ಪ್ರೊಫೆಸರರು ಮೆತ್ತಗೆ ಮಾತಾಡಿದರು.

"ಪಾಪ, ಬಡ ಮನೆ ಹುಡುಗಿ. ನನ್ನ ಲೇಖನದ ಪ್ರಭಾವ ಸ್ವಲ್ಪ ಜಾಸ್ತಿ ಆಗಿದೆ. ಕ್ಷಮಾಪಣೆ ಬರ್ಕೊಡ್ಲಿ, ಬಿಟ್ಟುಬಿಡೋಣ."

"ಕದ್ದಿಲ್ಲ ಅಂತ ಬರ್ಕೊಡ್ತೀನಿ. ಕದ್ದೆ ಅಂತ ಬರೆಯಲ್ಲ" ಅಂದಳು.

"ತಾರೀಖು ನೋಡಮ್ಮ," ಅಧ್ಯಕ್ಷರು ಕಾಗದ ತಿರುವಿದರು. "ಅವರದ್ದೇ ಮೊದಲು ಬಂದಿದೆ."

"ಆ ಹೆಂಗಸರಲ್ಲಿ ಒಬ್ಬರ ಮುಖನಾದ್ರೂ ಇವರು ನೋಡಿದ್ದಾರಾ ಕೇಳಿ ಸಾರ್."

"ಅದು ವಿಚಾರಣೆಯ ವ್ಯಾಪ್ತಿಗೆ ಬರಲ್ಲ."

ನಾನು ನೀರಿನ ಲೋಟ ಇಡುತ್ತ ಅಲ್ಲೇ ನಿಂತಿದ್ದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ನನ್ನದು ವರ್ಷ ವರ್ಷವೂ ಪ್ರೊಫೆಸರರೇ ಸಹಿ ಹಾಕಿ ಮುಂದುವರಿಸುವ ಕೆಲಸ. ಹೊರಗೆ ಹೋಗುವಾಗ ಅವಳು ನನ್ನ ಮುಖ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವಳ ನೋಂದಣಿ ರದ್ದಾಯಿತು. ಅದು ಇವತ್ತಿಗೂ ರದ್ದಾಗಿಯೇ ಇದೆ.

ಪ್ರೊಫೆಸರರ ಆ ಲೇಖನಕ್ಕೆ ಬಹುಮಾನ ಬಂತು. ಸಭಾಂಗಣದಲ್ಲಿ ಅವರ ಭಾಷಣ ಏರ್ಪಾಡಾಯಿತು. ಹಿಂದಿನ ದಿನ ನಾನು ತೊಟ್ಟಿಯ ಹತ್ತಿರ ಹೋದೆ. ಅವಳೂ ಅಮ್ಮನ ಪಕ್ಕ ಕೂತು ತಟ್ಟೆ ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ನಾಳೆ ಅವರ ಭಾಷಣಕ್ಕೆ ಬಾಗಿಲ ಹತ್ರ ಇರೋನು ನಾನೇ ಅಮ್ಮ" ಅಂದೆ.

ಅವಳಮ್ಮ ಕೈ ಒರೆಸಿಕೊಂಡಳು. "ಎಷ್ಟು ಹೊತ್ತಿಗಪ್ಪ?"

ಮರುದಿನ ಪಾಸು ಕೇಳದೆ ಹನ್ನೊಂದು ಹೆಂಗಸರನ್ನೂ ಹುಡುಗಿಯನ್ನೂ ಒಳಗೆ ಬಿಟ್ಟೆ. ಕೆಲಸ ಹೋಗುತ್ತದೆಂದು ಗೊತ್ತಿತ್ತು. ಹೋಯಿತು ಕೂಡ. ಒದ್ದೆ ಸೆರಗಿನಲ್ಲೇ ಬಂದು ಅವರು ಎರಡನೇ ಸಾಲಿನಲ್ಲಿ ಕೂತರು. ಪ್ರೊಫೆಸರರು ಇಂಗ್ಲಿಷಿನಲ್ಲಿ ಓದತೊಡಗಿದರು. ಹೆಂಗಸೊಬ್ಬಳ ಮಾತು ಎಂದು ಒಂದು ಸಾಲು ಓದಿದರು. ಹುಡುಗಿ ಎದ್ದು ನಿಂತು ಅದನ್ನು ಎಲ್ಲರಿಗೂ ಕೇಳುವಂತೆ ನಮ್ಮ ಮಾತಿನಲ್ಲಿ ಹೇಳಿದಳು:

"ನಿಮ್ಮ ಮಕ್ಕಳ ತಟ್ಟೆಗೆ ನಮ್ಮ ಕೈ ರಕ್ತ ತಾಗಬಾರದು ಅಂತಾದ್ರೂ ಕೈಗವಸು ಕೊಡಿ ಸಾರ್."

ಒಬ್ಬ ಹೆಂಗಸು ಎದ್ದಳು. "ಅದು ನಂದು. ನಾನು ಹೇಳಿದ್ದು, ಈ ಹುಡುಗಿ ಹತ್ರ. ನಿಮ್ಮನ್ನ ಇವತ್ತೇ ನೋಡ್ತಿರೋದು."

ಸಭೆಯ ಅಧ್ಯಕ್ಷರು "ಕೂತ್ಕೊಳ್ಳಿ" ಅಂದರು. ಇಬ್ಬರೂ ಕೂರಲಿಲ್ಲ. ಪ್ರೊಫೆಸರರು ಹಾಳೆ ಮಗುಚಿದರು. ಇನ್ನೊಂದು ಸಾಲು. ಹುಡುಗಿ ಅದನ್ನೂ ನಮ್ಮ ಮಾತಿನಲ್ಲಿ ಹೇಳಿದಳು. ಇನ್ನೊಬ್ಬಳು ಎದ್ದಳು. "ಅದು ನಂದು." ಹಿಂದಿನ ಸಾಲುಗಳಲ್ಲಿ ವಿದ್ಯಾರ್ಥಿಗಳು ಎದ್ದು ನಿಂತು ನೋಡತೊಡಗಿದರು. ಪ್ರೊಫೆಸರರು ಹಾಳೆಗಳನ್ನು ಮಡಚಿದರು. ಓದು ನಿಂತಿತು.

"ಯಾಕೆ ನಿಲ್ಸಿದ್ರಿ ಸಾರ್? ಓದಿ" ಅಂದಳು ಎರಡನೇ ಸಾಲಿನ ತುದಿಯಲ್ಲಿದ್ದ ಮುದುಕಿ. "ಇಲ್ಲಿ ಕೂತಿರೋ ನಮ್ಮ ಅತ್ತಿಗೆ ಹೇಳಿದ್ದು ಇನ್ನೂ ಬಂದಿಲ್ಲ."