ತಂಗಿಯ ಚೀಟಿ

ಬಟ್ಟೆ ಅಂಗಡಿಯ ಅಕ್ಕನಿಗೆ ಒಬ್ಬಳೇ ತಂಗಿ, ಎದುರಿಗೇ ಅವಳ ಬೇಕರಿ. ಬ್ಯಾಂಕಿಗೆ ಬೀಗ ಬಿದ್ದು ಊರಲ್ಲಿ ಚಿಲ್ಲರೆ ಮಾಯವಾದಾಗ ತಂಗಿ ಒಂದು ಉಪಾಯ ಮಾಡಿದಳು. ಚಿಲ್ಲರೆಯ ಬದಲು ‘ಒಂದು ಬ್ರೆಡ್ಡು’ ಎಂದು ಬರೆದು, ರುಜು ಹಾಕಿ ಚೀಟಿ ಕೊಟ್ಟಳು. ನೋಡನೋಡುತ್ತಲೇ ಕ್ಷೌರಿಕ ಆ ಚೀಟಿ ಪಡೆದು ಗಡ್ಡ ಹೆರೆದ, ಔಷಧಿ ಅಂಗಡಿಯವನು ಗುಳಿಗೆ ಕೊಟ್ಟ. ಬ್ರೆಡ್ಡು ಬೇಡದವರೂ ಚೀಟಿ ಬೇಕೆನ್ನತೊಡಗಿದರು.

ಅಕ್ಕನ ಹೊಟ್ಟೆಗೆ ಕಿಚ್ಚು ಬಿತ್ತು. ಅಂಗಡಿ ತನ್ನದು ದೊಡ್ಡದು. ತಂಗಿಯ ಕೈ ಹಿಡಿದು ಅಕ್ಷರ ತಿದ್ದಿಸಿದವಳೂ ತಾನೇ. ಈಗ ಆ ಕಾಗೆಕಾಲು ಗುಬ್ಬಿಕಾಲು ಅಕ್ಷರಕ್ಕೆ ಬೀದಿಯೆಲ್ಲ ಕೈ ಒಡ್ಡುತ್ತಿದೆ.

ಅವಳೂ ದಪ್ಪ ಕಾಗದ ತರಿಸಿ, ಮೊಹರು ಒತ್ತಿ, ಅಂಚಿಗೆ ಚಿನ್ನದ ಬಣ್ಣ ಬಳಿದು ತನ್ನದೇ ಚೀಟಿ ಮಾಡಿದಳು. ಕ್ಷೌರಿಕ ಅದನ್ನು ತಿರುವಿ ಮುರುವಿ ನೋಡಿ ವಾಪಸು ಕೊಟ್ಟ.

"ಚೆನ್ನಾಗೇನೋ ಇದೆ ಅಕ್ಕ. ಆದ್ರೆ ಹೋದ ವರ್ಷ ಹರಿದ ಬಟ್ಟೆ ತಂದಾಗ ನೀವು ‘ನಮ್ಮ ಅಂಗಡೀದೇ ಅಲ್ಲ’ ಅಂದ್ರಿ. ನಿಮ್ಮ ತಂಗಿ ಸೀದ ಬ್ರೆಡ್ಡಿಗೂ ಬದಲಿ ಕೊಡ್ತಾರೆ."

ಆ ಮಾತು ಮುಳ್ಳಾಗಿ ಚುಚ್ಚಿತು. ಮಧ್ಯಾಹ್ನ ಹಾಲಿನವಳು ಬಂದಾಗ, ಬೇಕರಿಯಲ್ಲಿ ಹಿಟ್ಟು ತಳ ಕಂಡಿದೆಯಂತೆ, ಚೀಟಿ ಇದ್ದರೆ ಬೇಗ ದಾಟಿಸಿಬಿಡು ಎಂದು ಅಕ್ಕ ಕಿವಿಯೂದಿದಳು. ಗಾಳಿಸುದ್ದಿಗೆ ಕಾಲೇಕೆ? ಮರುದಿನ ಬೆಳಿಗ್ಗೆ ಬೇಕರಿಯ ಮುಂದೆ ಜನವೋ ಜನ. ತಂಗಿ ಬಂದವರಿಗೆಲ್ಲ ಬ್ರೆಡ್ಡು ಕೊಡುತ್ತಾ ಹೋದಳು. ಕೊನೆಗೆ ಹಿಟ್ಟು ನಿಜವಾಗಿಯೂ ಮುಗಿಯಿತು. ತನ್ನ ಹೊಸ್ತಿಲಲ್ಲಿ ನಿಂತಿದ್ದ ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷ.

ಅಷ್ಟರಲ್ಲಿ ತಂಗಿ ಕೈ ಒರೆಸಿಕೊಂಡು ಹೊರಗೆ ಬಂದಳು.

"ಗಾಬರಿ ಆಗ್ಬೇಡಿ. ಉಳಿದವರು ಅಕ್ಕನ ಅಂಗಡಿಗೆ ಹೋಗಿ. ನನ್ನ ಚೀಟಿಗೆ ಅವಳು ಬಟ್ಟೆ ಕೊಡ್ತಾಳೆ. ನನ್ನಕ್ಕ ನನ್ನ ಕೈ ಬಿಡೋಳಲ್ಲ."

ಅಕ್ಕನನ್ನು ಒಂದು ಮಾತೂ ಕೇಳಿರಲಿಲ್ಲ ತಂಗಿ. ಬೀದಿಗೆ ಬೀದಿಯೇ ಅಕ್ಕನತ್ತ ತಿರುಗಿತು. ಅಷ್ಟು ಜನರೆದುರು ಇಲ್ಲ ಎನ್ನಲಾಗದೆ ಅಕ್ಕ ಅಳತೆಕೋಲು ಎತ್ತಿಕೊಂಡಳು. ಮುಂದಿದ್ದ ಕೆಲವರು ಬಟ್ಟೆ ಒಯ್ದರು. ಉಳಿದವರು, ಚೀಟಿ ನಡೆಯುತ್ತದೆಂದು ಕಣ್ಣಾರೆ ಕಂಡಮೇಲೆ, ಅದನ್ನು ಮಡಚಿ ಜೇಬಿಗೆ ಸೇರಿಸಿ ಮನೆಗೆ ನಡೆದರು.

ಬ್ಯಾಂಕು ತೆರೆದ ದಿನ ತಂಗಿ ಎಲ್ಲರಿಗಿಂತ ಮೊದಲು ಅಕ್ಕನ ಬಳಿಯಿದ್ದ ಚೀಟಿಗಳಿಗೆ ಹಣ ತಂದಳು. ಹಿಟ್ಟಿನ ಆ ಸುದ್ದಿ ಯಾರು ಹಬ್ಬಿಸಿದರೋ ತಿಳಿಯದು, ನೀನಿಲ್ಲದಿದ್ದರೆ ಮುಳುಗಿಹೋಗುತ್ತಿದ್ದೆ ಎಂದಳು. ಅಕ್ಕ ಹಣ ತೆಗೆದುಕೊಂಡಳು, ಮುಖ ಎತ್ತಲಿಲ್ಲ. ತನ್ನ ಮೊಹರಿನ ಚೀಟಿ ಮುಟ್ಟದ ಜನ ತಂಗಿಯ ಮಾತು ನಂಬಿ ತನ್ನದೇ ಅಂಗಡಿಗೆ ಬಂದಿದ್ದರು. ನಾಚಿಕೆಯೂ ಆಯಿತು, ಹೊಟ್ಟೆಯೂ ಉರಿಯಿತು. ಯಾವುದು ಹೆಚ್ಚೆಂದು ಅವಳಿಗೇ ಗೊತ್ತಾಗಲಿಲ್ಲ.