ಗಾಜಿನ ಬೀರುವಿನ ಗೇಜು

"ಅದೇನ್ ನಿನ್ ಹೆಂಡ್ತಿ ಬಳೇನೇನೋ, ಅಷ್ಟ್ ನಾಜೂಕಾಗಿ ತಿರುಗಿಸ್ತಾ ಕೂತಿದ್ದೀಯ? ಬಿಗಿಯೋ ಬೋಳಿಮಗನೆ!"

ಪಾಪಯ್ಯ ತಲೆ ಎತ್ತಲಿಲ್ಲ. ಜಾಕ್ ಮೇಲೆ ನಿಂತ ಟ್ರೇಲರಿನ ಹಿಂದಿನ ಚಕ್ರವನ್ನು ಎಡಗೈಯಲ್ಲಿ ತಿರುಗಿಸುತ್ತ ನಟ್ಟು ಬಿಗಿದಿದ್ದ. ಬೇರಿಂಗ್ ಕೂತ ಮೇಲೆ ನಟ್ಟನ್ನು ಕೊಂಚ ಹಿಂದಕ್ಕೆ ಬಿಡುತ್ತಿದ್ದ. ಐವತ್ತೆರಡು ವರ್ಷದವನು. ಬೈದ ಶ್ರೀಕರನಿಗೆ ಮೂವತ್ತೊಂದು. ಪೀಣ್ಯದ ಆ ಗ್ಯಾರೇಜಿನ ಮಾಲೀಕ.

"ಕೂದ್ಲೆಳೆಯಷ್ಟು ಸಡ್ಲ ಇರ್ಬೇಕು ಸಾರ್. ಪೂರಾ ಬಿಗುದ್ರೆ ಬಿಸಿಯಾಗಿ ಬೇರಿಂಗ್ ಸುಟ್ಟೋಯ್ತದೆ."

"ಹೋದ್ಸಲ ನೀನ್ ಬಿಟ್ಟಿದ್ದಕ್ಕೆ ಚಕ್ರ ಅಲ್ಲಾಡ್ತದೆ ಅಂತ ಪಾರ್ಟಿ ಉಗುದ್ರು. ಬಿಗಿ."

"ಗೇಜ್ ಕೊಡಿ ಸಾರ್, ಅಳ್ದು ತೋರ್ಸ್ತೀನಿ."

ಗೇಜು ಆಫೀಸಿನ ಗಾಜಿನ ಬೀರುವಿನಲ್ಲಿತ್ತು, ದೇವರ ಫೋಟೋ ಪಕ್ಕ. ಚಕ್ರದ ಅಲ್ಲಾಟವನ್ನು ಮುಳ್ಳಿನಲ್ಲಿ ತೋರಿಸುವ ಸಾಧನ. ಟ್ರೇಲರ್ ಕಂಪನಿಯವರು ತಪಾಸಣೆಗೆ ಬಂದಾಗ ಮಾತ್ರ ಶ್ರೀಕರ್ ಅದನ್ನು ಹೊರಗೆ ತೆಗೆಯುತ್ತಿದ್ದ.

"ಆಯುಧ ಪೂಜೆಗಿಟ್ಟಿದ್ದು ಅದು. ನಿಮ್ ಕೇರಿಯೋರು ಮುಟ್ಟಿದ್ಮೇಲೆ ಮತ್ತೆ ದೇವ್ರ ಹತ್ರ ಇಡೋಕಾಗುತ್ತಾ?"

ಪಕ್ಕದ ಗಾಡಿಯಡಿ ಮಲಗಿದ್ದ ಇನ್ನೊಬ್ಬ ಮೆಕ್ಯಾನಿಕ್ ಅಂಜನ್ ಪಾನೆ ತಿರುಗಿಸುವುದನ್ನು ನಿಲ್ಲಿಸಿದ. ಆಮೇಲೆ ಮತ್ತೆ ತಿರುಗಿಸತೊಡಗಿದ.

ಪಾಪಯ್ಯ ಬಿಗಿದ. ಪಾನೆಗೆ ಪೈಪು ಸಿಕ್ಕಿಸಿ, ಎರಡೂ ಕೈಯಲ್ಲಿ ಜಗ್ಗಿ ಬಿಗಿದ. ಗಾಡಿಯ ಕೆಲಸದ ಕಾರ್ಡಿನಲ್ಲಿ 'ಗೇಜಿನಲ್ಲಿ ನೋಡಲಾಗಿದೆ' ಎಂಬಲ್ಲಿ ಶ್ರೀಕರ್ ಟಿಕ್ ಹಾಕಿದ. ಕೆಳಗೆ ಪಾಪಯ್ಯ ಸಹಿ ಹಾಕಿದ.

ಐದನೆಯ ದಿನ ನಾಗಸಂದ್ರದ ಬಸ್ ಸ್ಟಾಪಿನ ಬಳಿ ಬೇರಿಂಗ್ ಸುಟ್ಟು ಆ ಚಕ್ರ ಕಳಚಿತು. ನೂರಡಿ ಉರುಳಿ, ಹೂ ಕಟ್ಟುತ್ತ ಕೂತಿದ್ದ ಅನುಸೂಯಮ್ಮನಿಗೆ ಬಡಿದು ಅವಳ ಸೊಂಟ ಮುರಿಯಿತು. ಅನುಸೂಯಮ್ಮ ಪಾಪಯ್ಯನ ಕೇರಿಯವಳೇ. ಅವನ ಮದುವೆಯ ಹಾರ ಕಟ್ಟಿದವಳು.

ಅವಳ ಮಗ ನರೇಶ್ ಮಾರನೆಯ ದಿನ ಬೆಳಿಗ್ಗೆಯೇ ಗ್ಯಾರೇಜಿಗೆ ಬಂದ. ಶ್ರೀಕರ್ ಕಾರ್ಡನ್ನು ಅವನ ಮುಂದೆ ಹಿಡಿದ.

"ನೋಡಪ್ಪ, ಬಿಗ್ದಿದ್ದು ಇವನೇ. ಸೈನ್ ನೋಡು. ಕುಡ್ದು ಕೆಲ್ಸ ಮಾಡಿದ್ರೆ ನಾನೇನ್ ಮಾಡ್ಲಿ?"

ಪಾಪಯ್ಯ ಜನ್ಮದಲ್ಲಿ ಕುಡಿದವನಲ್ಲ. ಅದು ನರೇಶನಿಗೂ ಗೊತ್ತು.

"ಮಾವ, ನೀನೇ ಬಿಗ್ದಿದ್ದಾ?"

"ಊಂ."

"ಇಂಗಾಯ್ತದೆ ಅಂತ ಗೊತ್ತಿರ್ಲಿಲ್ವಾ?"

ಪಾಪಯ್ಯ ತನ್ನ ಕೈಗಳನ್ನು ನೋಡಿಕೊಂಡ. ಗ್ರೀಸು ಉಗುರಿನೊಳಗೂ ಇತ್ತು.

"ಗೊತ್ತಿತ್ತು ಕಣಪ್ಪ."

ನರೇಶ್ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಪಾಪಯ್ಯ ಆಫೀಸಿಗೆ ನಡೆದು ಬೀರುವಿನ ಬಾಗಿಲು ತೆಗೆದ. ಗಾಜಿನ ಮೇಲೆ ಐದು ಬೆರಳೂ ಮೂಡಿದವು. ಕುಂಕುಮ ಮೆತ್ತಿದ್ದ ಗೇಜನ್ನು ಎತ್ತಿಕೊಂಡು ಹೊರಬಂದ.

"ಲೇ! ಯಾರೋ ಅದನ್ನ ಮುಟ್ಟು ಅಂದಿದ್ದು? ಮೈಲಿಗೆ ಮಾಡ್ಬಿಟ್ಯಲ್ಲೋ, ಸೂಳೆಮಗನೆ!"

"ಆಗ್ಲಿ ಬುಡಿ."

ನಿನ್ನೆಯಷ್ಟೇ ಅದೇ ರೀತಿ ಬಿಗಿಸಿಕೊಂಡ ಇನ್ನೊಂದು ಟ್ರೇಲರ್ ಜಾಕ್ ಮೇಲಿತ್ತು. ಮಧ್ಯಾಹ್ನ ಉಕ್ಕಿನ ಸುರುಳಿ ಹೇರಿಕೊಂಡು ಹೊರಡಬೇಕಿತ್ತು. ಪಾಪಯ್ಯ ಚಕ್ರದ ನಡುವಿನ ಮುಚ್ಚಳ ತೆಗೆದು, ಗೇಜಿನ ಅಯಸ್ಕಾಂತವನ್ನು ಅಲ್ಲಿನ ಹಬ್‌ಗೆ ಕೂರಿಸಿ, ಅದರ ಮೊನೆಯನ್ನು ಆಕ್ಸಲ್ಲಿನ ತುದಿಗೆ ತಾಗಿಸಿದ.

"ನರೇಶ, ಎರಡೂ ಕಡೆ ಇಡ್ದು ಎಳಿ. ಈಗ ತಳ್ಳು. ಮುಳ್ಳು ಅಲ್ಲಾಡ್ತಾ?"

"ಇಲ್ಲ."

"ಅಲ್ಲಾಡ್ಬೇಕು. ವಸಿನಾದ್ರೂ ಅಲ್ಲಾಡ್ಬೇಕು. ನಿಮ್ಮವ್ವನ ಮೇಲ್ ಬಂದಿದ್ದೂ ಇಂಗೇ ಇತ್ತು."

ಪಾಪಯ್ಯ ನಟ್ಟನ್ನು ಪೂರಾ ಬಿಚ್ಚಿ ಜೇಬಿಗೆ ಹಾಕಿಕೊಂಡ. ಶ್ರೀಕರನ ಕೈಯಿಂದ ಹಳೆಯ ಕಾರ್ಡು ಕಿತ್ತುಕೊಂಡು, ಟೂಲ್ ಡಬ್ಬದ ಮೇಲಿಟ್ಟು, ತನ್ನ ಸಹಿಯ ಕೆಳಗೆ ನಿಧಾನವಾಗಿ ಬರೆದ: 'ಗೇಜು ಕೊಡಲಿಲ್ಲ. ಬಿಗಿ ಅಂದವರು ಮಾಲೀಕರು ಶ್ರೀಕರ್. ಗೊತ್ತಿದ್ದೂ ಬಿಗಿದವನು ನಾನು.' ಮತ್ತೊಮ್ಮೆ ಸಹಿ ಹಾಕಿ ನರೇಶನ ಕೈಗಿಟ್ಟ.

"ಸ್ಟೇಷನ್‌ಗೆ ಕೊಡು."

"ನಿನ್ನೂ ಒಳಗ್ ಹಾಕ್ತಾರೆ ಮಾವ."

"ಊಂ."

ಶ್ರೀಕರ್ ಕಾರ್ಡಿಗೆ ಕೈ ಚಾಚಿದ. ಅಂಜನ್ ಗಾಡಿಯಡಿಯಿಂದ ಎದ್ದು ನಡುವೆ ನಿಂತ.

ನರೇಶ್ ಕಾರ್ಡು ಮಡಚಿ ಅಂಗಿಯೊಳಗೆ ಇಟ್ಟುಕೊಂಡ. ಪಾಪಯ್ಯನ ಮುಖ ನೋಡದೆ ಗೇಟು ದಾಟಿದ.